ಒಂಬೈನೂರು ರೂಪಾಯಿಯ ಸೀಲು, ಹದಿನಾಲ್ಕು ತಿಂಗಳ ವಿಳಂಬ

ಎಣ್ಣೆಯ ಒತ್ತಡದಿಂದ ನಡೆಯುವ ಪವರ್ ಸ್ಟೀರಿಂಗಿನಲ್ಲಿ ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಪಂಪು ತೆಳು ಎಣ್ಣೆಯನ್ನು ರ‍್ಯಾಕಿಗೆ, ಅಂದರೆ ಮುಂದಿನ ಎರಡು ಚಕ್ರಗಳನ್ನು ಹೊರಳಿಸುವ ಹಲ್ಲುಳ್ಳ ಉಕ್ಕಿನ ಸರಳನ್ನು ಒಳಗೊಂಡ ಕೊಳವೆಗೆ, ಬಲವಾಗಿ ನೂಕುತ್ತದೆ. ಆ ಸರಳು ಎಡಬಲಕ್ಕೆ ಸರಿದಾಡುವಾಗ ಎಣ್ಣೆ ಹೊರಗೆ ಬರದಂತೆ ತಡೆಯುವುದು ಬಳೆಯಾಕಾರದ ಒಂದು ರಬ್ಬರಿನ ಸೀಲು. ಅದರ ಒಳ ಅಂಚು, ಗ್ಯಾರೇಜಿನವರು ಲಿಪ್ ಎನ್ನುವ ತೆಳು ಭಾಗ, ಉಕ್ಕನ್ನು ಅಪ್ಪಿಕೊಂಡಿರುವವರೆಗೆ ಮಾತ್ರ ವ್ಯವಸ್ಥೆ ಸುಸ್ಥಿತಿಯಲ್ಲಿರುತ್ತದೆ. ವಿದ್ಯುತ್ ಮೋಟಾರಿನ ಸ್ಟೀರಿಂಗ್ ಇರುವ ಇತ್ತೀಚಿನ ಕಾರುಗಳಲ್ಲಿ ಈ ಎಣ್ಣೆಯೇ ಇಲ್ಲದಿರುವುದರಿಂದ ಮುಂದಿನ ಮಾತು ಹಳೆಯ ಕಾರುಗಳ ಒಡೆಯರಿಗೆ ಸಂಬಂಧಿಸಿದ್ದು.

ಎಂಜಿನ್ನಿನ ಕಾವು ಮತ್ತು ವಯಸ್ಸು ರಬ್ಬರನ್ನು ಗಡುಸಾಗಿಸುತ್ತವೆ. ಆದರೆ ಮಿರಜ ತಾಲೂಕಿನ ಬುಧಗಾಂವದಂಥ ಊರಿನಲ್ಲಿ ಮೂರನೆಯ ಕಾರಣವೂ ಸೇರಿಕೊಳ್ಳುತ್ತದೆ: ಸಾಂಗ್ಲಿ–ತಾಸಗಾಂವ ರಸ್ತೆಗೆ ಕಬ್ಬಿನ ಟ್ರಾಲಿಗಳು ಹೊತ್ತು ತರುವ ಎರೆಮಣ್ಣು ರ‍್ಯಾಕಿನ ತುದಿಯ ಬೂಟ್, ಅಂದರೆ ಮಡಿಕೆ ಮಡಿಕೆಯಾದ ರಬ್ಬರಿನ ಹೊದಿಕೆ, ಹರಿದಿದ್ದರೆ ಒಳಗೆ ನುಗ್ಗಿ, ತೇವದೊಂದಿಗೆ ಸೇರಿ ಸರಳಿಗೆ ತುಕ್ಕು ಹಿಡಿಸುತ್ತದೆ, ಮತ್ತು ಆ ತುಕ್ಕಿನ ಮೇಲೆ ಉಜ್ಜಿದ ಸೀಲು ಬೇಗನೆ ಸವೆಯುತ್ತದೆ. 2019 ಮತ್ತು 2021ರ ಕೃಷ್ಣಾ ಪ್ರವಾಹದಲ್ಲಿ ನಿಂತ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವವರು ಬಣ್ಣಕ್ಕಿಂತ ಮೊದಲು ಈ ಬೂಟನ್ನು ಬಿಚ್ಚಿಸಿ ನೋಡುವುದು ಲೇಸು.

ಬುಧಗಾಂವದಲ್ಲಿರುವ ಈ ಅಂಕಣದ ಲೇಖಕನ 2009ರ ಮಾದರಿಯ ಕಾರಿನ ಕೆಳಗೆ ನೆಲದ ಫರಸಿಯ ಮೇಲೆ ಪ್ರತಿ ಬೆಳಿಗ್ಗೆ ಎಂಟಾಣೆ ನಾಣ್ಯದಗಲದ ಕೆಂಪು ಕಲೆ ಕಾಣತೊಡಗಿದಾಗ, ಸ್ಥಳೀಯ ಗ್ಯಾರೇಜು ಕೊಟ್ಟ ಅಂದಾಜು ಹೀಗಿತ್ತು: ಸೀಲಿನ ಕಿಟ್ 900 ರೂಪಾಯಿ, ರ‍್ಯಾಕ್ ಇಳಿಸಿ ಏರಿಸುವ ಕೂಲಿ 3,500, ಒಂದು ಲೀಟರ್ ಎಣ್ಣೆ 450, ಚಕ್ರಗಳ ಅಲೈನ್‌ಮೆಂಟ್ 600, ಒಟ್ಟು 5,450. ಮರಾಠಿಯಲ್ಲಿ ಗಳತಿ ಎನ್ನಿಸಿಕೊಳ್ಳುವ ಈ ಸೋರಿಕೆ ಅಲ್ಪವೆಂದು ಬಗೆದು, ಕೆಲಸವನ್ನು ಮುಂದೂಡಿ, ಎಣ್ಣೆ ಸುರಿಯುತ್ತ ಕಾಲ ತಳ್ಳಿದ್ದು ಲೇಖಕನ ತಪ್ಪು ನಿರ್ಧಾರ.

ತಪ್ಪು ಎಷ್ಟು ದೊಡ್ಡದೆಂಬುದು ಲೆಕ್ಕದಲ್ಲಿ ತಿಳಿಯುತ್ತದೆ. ತಿಂಗಳಿಗೆ 150 ಮಿಲಿಲೀಟರ್ ಎಣ್ಣೆ ಹಿಡಿಯುತ್ತಿತ್ತು. ಒಂದು ಮಿಲಿಲೀಟರಿಗೆ ಸುಮಾರು 20 ಹನಿಯೆಂದು ಹಿಡಿದರೆ ತಿಂಗಳಿಗೆ 3,000 ಹನಿ, ದಿನಕ್ಕೆ 100, ಅಂದರೆ ಕಾಲು ಗಂಟೆಗೆ ಒಂದು ಹನಿ, ಮತ್ತು ಕಾಲು ಗಂಟೆಗೊಂದು ಹನಿಯೆಂದರೆ ಯಾರಿಗೂ ಭಯವಾಗದು. ಆದರೆ 14 ತಿಂಗಳಲ್ಲಿ ಅದು 2.1 ಲೀಟರ್, ಅರ್ಧ ಲೀಟರಿನ ಐದು ಡಬ್ಬಿ, ತಲಾ 260ರಂತೆ 1,300 ರೂಪಾಯಿ. ಸೋರಿಕೆ ನಿಲ್ಲಿಸುವುದಾಗಿ ಮಾರುವ ಔಷಧದ ಮೂರು ಬಾಟಲಿಗೆ 1,350. ಒಮ್ಮೆ ಎಣ್ಣೆ ತಳ ಮುಟ್ಟಿ ಪಂಪು ಗಾಳಿ ಎಳೆದುಕೊಂಡು, ಹ್ಯಾಂಡಲ್ ಹೊರಳಿಸಿದಾಗಲೆಲ್ಲ ನರಳುವ ಸದ್ದು ಮಾಡಿ ಕೊನೆಗೆ ಕೆಟ್ಟಾಗ ಪಂಪಿಗೆ 9,500, ಅದರೊಂದಿಗೆ ಬೆಲ್ಟಿಗೆ 700. ಇಷ್ಟೆಲ್ಲ 12,850 ಖರ್ಚಾದ ಮೇಲೂ ಸೀಲಿನ ಕೆಲಸ ಹಾಗೆಯೇ ಉಳಿದಿದ್ದು, ಅದಕ್ಕೆ ಮತ್ತೆ 5,450 ಕೊಟ್ಟಾಗ ಮೊತ್ತ 18,300 ಮುಟ್ಟಿತು. ಹಾಗಾದರೆ ವಿಳಂಬದ ಲಾಭವೇನು? 5,450 ರೂಪಾಯಿ ಉಳಿತಾಯ ಖಾತೆಯಲ್ಲಿ ವರ್ಷಕ್ಕೆ ಶೇ 3ರ ಬಡ್ಡಿಯಲ್ಲಿ 14 ತಿಂಗಳು ಕುಳಿತು ಗಳಿಸಿದ್ದು 191 ರೂಪಾಯಿ.

ಆ ಬಾಟಲಿಯ ಬಗ್ಗೆ ಮೃದುವಾಗಿ ಬರೆಯುವುದು ಕಷ್ಟ. ಅದರಲ್ಲಿರುವುದು ರಬ್ಬರನ್ನು ಮೆತ್ತಗಾಗಿಸಿ ಉಬ್ಬಿಸುವ ರಾಸಾಯನಿಕ. ಗಡುಸಾದ ಅಂಚು ಉಬ್ಬಿದಾಗ ಸೋರಿಕೆ ಕೆಲವು ವಾರ ತಗ್ಗುತ್ತದೆ, ಆದರೆ ಸವೆದುಹೋದ ಅಂಚು ಬೆಳೆಯುವುದಿಲ್ಲ, ತುಕ್ಕು ಹಿಡಿದ ಸರಳು ನುಣುಪಾಗುವುದಿಲ್ಲ, ಮೇಲಾಗಿ ಚೆನ್ನಾಗಿದ್ದ ಉಳಿದ ಸೀಲುಗಳೂ ಅದೇ ರಾಸಾಯನಿಕದಲ್ಲಿ ನೆನೆಯುತ್ತವೆ. ಪರವೂರಿನ ದಾರಿಯಲ್ಲಿ ಸಿಕ್ಕಿಬಿದ್ದವರು ಮನೆ ಮುಟ್ಟಲು ಬಳಸಿದರೆ ಬಳಸಲಿ. ದುರಸ್ತಿಯೆಂದು ಅದನ್ನು ಮಾರುವುದು ಅನ್ಯಾಯ.

ಅಂದಾಜಿನಲ್ಲಿ ಸೀಲಿನ ಪಾಲು ಆರನೆಯ ಒಂದು ಭಾಗ ಮಾತ್ರ, ಉಳಿದದ್ದೆಲ್ಲ ಅದನ್ನು ತಲುಪುವ ವೆಚ್ಚ ಎಂಬುದನ್ನು ಗಮನಿಸಬೇಕು. ಆದ್ದರಿಂದ 400 ರೂಪಾಯಿ ಉಳಿಸಲು ಅಗ್ಗದ ಕಿಟ್ ಹಾಕಿಸುವವರು 3,500ರ ಕೂಲಿಯನ್ನು ಪಣಕ್ಕಿಡುತ್ತಾರೆ, ಮತ್ತು ರ‍್ಯಾಕ್ ಒಮ್ಮೆ ಇಳಿದಾಗ ಎರಡೂ ತುದಿಯ ಸೀಲು, ಎರಡೂ ಬೂಟು, ಪೈಪಿನ ಓ-ರಿಂಗುಗಳನ್ನು ಒಟ್ಟಿಗೆ ಬದಲಾಯಿಸುವುದೇ ಮಿತವ್ಯಯ. ಸರಳಿನ ಮೇಲೆ ಉಗುರು ಆಡಿಸಿದಾಗ ಗೀರು ತಡೆದರೆ ಹೊಸ ಸೀಲೂ ನಿಲ್ಲದು, ಆಗ ಇಡೀ ರ‍್ಯಾಕನ್ನೇ ಬದಲಾಯಿಸಬೇಕಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದ್ದರೂ ಆ ಖರ್ಚು ಸೀಲಿನ ಹಲವು ಪಟ್ಟಾಗುತ್ತದೆ. ವಿಮೆಯನ್ನು ನಂಬುವಂತಿಲ್ಲ: ಸಾಮಾನ್ಯ ಮೋಟಾರು ಪಾಲಿಸಿ ಸವೆತಕ್ಕೆ ಹಣ ಕೊಡುವುದಿಲ್ಲ, ಅಪಘಾತದಲ್ಲಿಯೂ ರಬ್ಬರಿನ ಭಾಗಗಳಿಗೆ ಶೇ 50ರಷ್ಟು ಸವಕಳಿ ಕಳೆಯುತ್ತದೆ.

ಮನೆಯ ಸೂರು ಸೋರಿದರೆ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವ ಜನ ಕಾರಿನ ಸೋರಿಕೆಗೆ ಮಾತ್ರ ಡಬ್ಬಿ ಹಿಡಿದು ನಿಲ್ಲುವುದು ಬಿಡಬೇಕಾದ ಅಭ್ಯಾಸ. ಕಬ್ಬಿನ ಹಂಗಾಮು ಶುರುವಾಗುವ ಮುನ್ನ ಓದುಗರು ಒಂದು ರಾತ್ರಿ ಕಾರಿನ ಮುಂಭಾಗದ ಕೆಳಗೆ ರಟ್ಟಿನ ಹಾಳೆ ಹಾಸಿ ನೋಡಲಿ. ಕಲೆ ಬಿದ್ದಿದ್ದರೆ ಅದೇ ವಾರ ಗ್ಯಾರೇಜಿಗೆ ಒಯ್ಯಲಿ, ಕೆಲಸ ಮುಗಿದ ಮೇಲೆ ಬಿಲ್ಲಿನ ಜೊತೆಗೆ ತೆಗೆದ ಹಳೆಯ ಸೀಲುಗಳನ್ನೂ ತಪ್ಪದೆ ಕೇಳಿ ಪಡೆಯಲಿ.