ಬಡ್ಡಿಯ ದರ, ಲಾಭದ ಅನುಪಾತ

ಕಾಸರಗೋಡಿನ ತರಗತಿಗಳಲ್ಲಿ ಕೊಲ್ಲಿ ನಾಡುಗಳಲ್ಲಿ ಬಂಧುಗಳಿರುವ ಮಕ್ಕಳು ಬಹಳ. ಸರಳ ಬಡ್ಡಿಯ ಪಾಠದ ನಡುವೆ ‘ಬಡ್ಡಿಯಿಲ್ಲದ ಬ್ಯಾಂಕು ಠೇವಣಿಗೆ ಏನು ಕೊಡುತ್ತದೆ?’ ಎಂದು ಅವರು ಕೇಳಿದರೆ, ಪ್ರಶ್ನೆಯನ್ನು ಬದಿಗೊತ್ತದೆ ಗಣಿತಕ್ಕೇ ತಂದುಕೊಳ್ಳುವುದು ಲೇಸು.

ನಿಶ್ಚಿತ ಠೇವಣಿಯು ಬ್ಯಾಂಕಿಗೆ ನಾವು ಕೊಟ್ಟ ಸಾಲ. 1,00,000 ರೂಪಾಯಿಗೆ ವಾರ್ಷಿಕ ಶೇ. 6ರಂತೆ 6,000 ರೂಪಾಯಿ, ಬ್ಯಾಂಕಿಗೆ ಲಾಭವಾಗಲಿ ಬಿಡಲಿ, ಸಲ್ಲತಕ್ಕದ್ದು. ಇಸ್ಲಾಮೀ ಬ್ಯಾಂಕುಗಳ ‘ಮುದಾರಬಾ’ ಖಾತೆಯಲ್ಲಿ ಠೇವಣಿದಾರನು ಬಂಡವಾಳ ಹೂಡುವವನು, ಬ್ಯಾಂಕು ವ್ಯವಹಾರ ನಡೆಸುವ ಪಾಲುದಾರ. ಮೊದಲೇ ಗೊತ್ತುಪಡಿಸುವುದು ದರವನ್ನಲ್ಲ, ಲಾಭ ಹಂಚಿಕೆಯ ಅನುಪಾತವನ್ನು. ಅದು 60:40 ಎಂದಿರಲಿ. ಅಷ್ಟೇ ಮೊತ್ತಕ್ಕೆ 8,000 ರೂಪಾಯಿ ಲಾಭ ಬಂದರೆ ಠೇವಣಿದಾರನಿಗೆ 4,800. ಲಾಭವೇ ಇಲ್ಲದಿದ್ದರೆ ಸೊನ್ನೆ. ನಷ್ಟವಾದರೆ, ಬ್ಯಾಂಕಿನ ಅಲಕ್ಷ್ಯವಾಗಲಿ ಕರಾರುಭಂಗವಾಗಲಿ ಇಲ್ಲದ ಪಕ್ಷದಲ್ಲಿ, ಅಸಲೇ ಕರಗುತ್ತದೆ. ಬ್ಯಾಂಕು ಕಳೆದುಕೊಳ್ಳುವುದು ತನ್ನ ಶ್ರಮವನ್ನು. 60:40 ಕಂಡೊಡನೆ ‘ಶೇ. 60 ಬಡ್ಡಿ’ ಎಂದು ಬರೆಯುವ ವಿದ್ಯಾರ್ಥಿ ಇದ್ದೇ ಇರುತ್ತಾನೆ. ಶೇಕಡ 60 ಯಾವುದರಲ್ಲಿ, ಅಸಲಿನಲ್ಲೋ ಲಾಭದಲ್ಲೋ ಎಂದು ಅವನನ್ನೇ ಕೇಳಿರಿ.

ವ್ಯವಹಾರದಲ್ಲಿ ಈ ಭೇದ ಇಷ್ಟು ಢಾಳಾಗಿ ಕಾಣದು. ಒಳ್ಳೆಯ ವರ್ಷದ ಲಾಭದಲ್ಲಿ ಒಂದಂಶವನ್ನು ಮೀಸಲಿಟ್ಟು ಕೊರತೆಯ ವರ್ಷ ತುಂಬಿಕೊಡುವ ಬ್ಯಾಂಕುಗಳಿವೆ. ಹೀಗಾಗಿ ಪಾವತಿ ಮಾರುಕಟ್ಟೆಯ ಬಡ್ಡಿದರದ ಆಸುಪಾಸಿನಲ್ಲೇ ಸುಳಿಯುವುದುಂಟು. ಭೇದವಿರುವುದು ಹಕ್ಕಿನಲ್ಲಿ. ಮಲೇಷ್ಯಾ 2013ರ ಕಾಯಿದೆಯಲ್ಲಿ ಅಸಲಿಗೆ ಭರವಸೆಯುಳ್ಳದ್ದನ್ನು ಠೇವಣಿಯೆಂದೂ ಇಲ್ಲದ್ದನ್ನು ಹೂಡಿಕೆ ಖಾತೆಯೆಂದೂ ಬೇರ್ಪಡಿಸಿತು.

ಕೊನೆಗೆ ಈ ಅಭ್ಯಾಸ ಕೊಡಿರಿ: ‘ಬಡ್ಡಿಯಿಲ್ಲ, ಆದರೆ ತಿಂಗಳಿಗೆ ನೂರಕ್ಕೆ ಮೂರು ಲಾಭ ಖಂಡಿತ’ ಎಂದು ಒಬ್ಬನು ಹಣ ಕೇಳಿದರೆ, ಅದು ಸಾಲವೋ, ಪಾಲುದಾರಿಕೆಯೋ, ಅಥವಾ ಎರಡೂ ಅಲ್ಲವೋ?