ಕ್ಯಾಮೆರಾ ಬದಲಿಸುವ ಮುನ್ನ

ಹೊಸದಾಗಿ ವಿಡಿಯೊ ಕೆಲಸಕ್ಕೆ ಇಳಿದ ಹುಡುಗರು ನಮ್ಮ ಸ್ಟುಡಿಯೊಗೆ ಬಂದರೆ ಮೊದಲು ಕೇಳುವುದು, ‘ಯಾವ ಬಾಡಿ ತಗೊಳ್ಳಲಿ ಅಣ್ಣ?’ ಎಂದು. ಹೆಗಲ ಮೇಲೆ ವಿಎಚ್‌ಎಸ್ ಕ್ಯಾಮೆರಾ ಹೊತ್ತ ಕಾಲದಿಂದ ಸೋನಿ ಪಿಡಿ170, ಮಿನಿಡಿವಿ ಟೇಪುಗಳನ್ನು ದಾಟಿ ಈಗಿನ 4ಕೆ ಮಿರರ್‌ಲೆಸ್‌ವರೆಗೆ ಬಂದ ಮೇಲೆ ನನ್ನ ಉತ್ತರ ಗಟ್ಟಿಯಾಗಿದೆ. ಮೊದಲ ದುಡ್ಡು ಧ್ವನಿಗೆ, ಆಮೇಲೆ ಟ್ರೈಪಾಡಿಗೆ, ಆಮೇಲೆ ಕಾರ್ಡು ಬ್ಯಾಟರಿಗಳಿಗೆ, ನಂತರ ಲೆನ್ಸಿಗೆ. ಬಾಡಿ ಕಟ್ಟಕಡೆಗೆ. ಕರಾವಳಿಯ ವಿಡಿಯೊದವರಿಗೆ ಹಗಲು ಕಲ್ಯಾಣ ಮಂಟಪ, ರಾತ್ರಿ ಬಯಲಾಟ. ಎರಡರಲ್ಲೂ ರೀಟೇಕ್ ಇಲ್ಲ. ಧಾರೆಯ ನೀರು ಒಮ್ಮೆ ಬಿದ್ದರೆ ಬಿತ್ತು, ಭಾಗವತರು ಆ ರಾತ್ರಿ ಎತ್ತಿದ ಆ ಪದ್ಯ ಅದೇ ಭಾವದಲ್ಲಿ ಮತ್ತೆ ಬರುವುದಿಲ್ಲ. ನಮ್ಮ ಸಾಮಾನು, ಸೆಟ್ಟಿಂಗು, ಎಡಿಟಿಂಗ್ ಎಲ್ಲವನ್ನೂ ಈ ಒಂದು ಸಂಗತಿಯೇ ತೀರ್ಮಾನಿಸಬೇಕು.

ಮುಹೂರ್ತದ ಹೊತ್ತನ್ನೇ ನೋಡಿ. ಪುರೋಹಿತರು ಮೆಲುದನಿಯಲ್ಲಿ ಮಂತ್ರ ಹೇಳುತ್ತಿರುತ್ತಾರೆ, ಹುಡುಗಿಯ ಅಪ್ಪ ಗಂಟಲು ಕಟ್ಟಿಕೊಂಡು ಅದನ್ನೇ ಹೇಳುತ್ತಿರುತ್ತಾರೆ. ಮರುಗಳಿಗೆ ಗಟ್ಟಿಮೇಳ. ಆಡಿಯೊ ಆಟೋದಲ್ಲಿದ್ದರೆ ವಾದ್ಯದ ಅಬ್ಬರಕ್ಕೆ ಕ್ಯಾಮೆರಾ ಮಟ್ಟವನ್ನು ಒಮ್ಮೆಲೇ ತಗ್ಗಿಸಿ, ವಾದ್ಯ ನಿಂತ ಮೇಲೆ ನಿಧಾನಕ್ಕೆ ಏರಿಸುತ್ತದೆ. ಆ ನಡುವಿನ ಮಾತೆಲ್ಲ ಮುಳುಗಿ ಫ್ಯಾನಿನ ಸದ್ದು ಮೇಲೇಳುತ್ತದೆ. ಹಾಗಾಗಿ ಮ್ಯಾನ್ಯುಯಲ್ ಇಟ್ಟು, ಮಾತಿನ ಗರಿಷ್ಠ ಮಟ್ಟ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರುವಂತೆ ನೋಡಿಕೊಳ್ಳಿ. ಅದೇ ಮೈಕನ್ನು ಎರಡನೇ ಚಾನಲ್ಲಿಗೂ ಕೊಟ್ಟು, ಅಲ್ಲಿ ಇನ್ನೂ 10–12 ಡೆಸಿಬೆಲ್ ತಗ್ಗಿಸಿಡಿ. ಗಟ್ಟಿಮೇಳ ಮೊದಲ ಚಾನಲ್ಲಿನಲ್ಲಿ ಒಡೆದರೂ ಎರಡನೆಯದರಲ್ಲಿ ಸ್ವಚ್ಛವಾಗಿ ಸಿಗುತ್ತದೆ. 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ದವರಿಗೆ ಈ ಚಿಂತೆ ಬಹುಪಾಲು ಇಲ್ಲ. ಈಚಿನ ವರ್ಷಗಳಲ್ಲಿ ನಮ್ಮ ಕೆಲಸಕ್ಕೆ ಬಂದ ಅತ್ಯಂತ ಉಪಕಾರಿ ಸಾಧನ ಅದೇ ಎನ್ನುತ್ತೇನೆ. ಲೇಪಲ್ ಮೈಕನ್ನು ವಧುವಿಗೆ ಹಾಕಬೇಡಿ. ರೇಷ್ಮೆ ಸೀರೆ, ಹಾರ, ಸರಗಳ ಉಜ್ಜಾಟವೇ ಅದರಲ್ಲಿ ತುಂಬುತ್ತದೆ. ಪುರೋಹಿತರ ಶಲ್ಯದ ಅಂಚಿಗೆ ಸಿಕ್ಕಿಸಿದರೆ ಮಂತ್ರವೂ ಸಿಗುತ್ತದೆ, ಪಕ್ಕದಲ್ಲಿ ಕೂತವರ ಮಾತೂ ಸಿಗುತ್ತದೆ.

ಯಕ್ಷಗಾನದ ಧ್ವನಿ ಇದಕ್ಕಿಂತ ಕಷ್ಟ. ಮೈಕ್ ಸೆಟ್ಟಿನವರ ಮಿಕ್ಸರಿನಿಂದ ಲೈನ್ ತೆಗೆದುಕೊಂಡರೆ ಭಾಗವತರ ಕಂಠ, ಅರ್ಥಗಾರಿಕೆ ಸ್ಪಷ್ಟವಾಗಿ ಬರುತ್ತವೆ. ಆದರೆ ಚೆಂಡೆ ತಾನಾಗಿಯೇ ಬಯಲಿಗೆಲ್ಲ ಕೇಳುವ ವಾದ್ಯ. ಮಿಕ್ಸರಿನಲ್ಲಿ ಅದನ್ನು ಹೆಚ್ಚು ಎತ್ತಿರುವುದಿಲ್ಲ. ಬರೀ ಲೈನ್ ನಂಬಿದರೆ ಆಟದ ಜೀವವೇ ಹೋದಂತೆ ಕೇಳುತ್ತದೆ. ರಂಗಸ್ಥಳದ ಎದುರು ಇನ್ನೊಂದು ಮೈಕ್ ಬೇಕೇ ಬೇಕು. ಮಿಕ್ಸರಿನ ಕೇಬಲ್ ಚುಚ್ಚುವ ಮೊದಲು ಕ್ಯಾಮೆರಾದ ಇನ್‌ಪುಟ್ ಸ್ವಿಚ್ಚನ್ನು ಮೈಕಿನಿಂದ ಲೈನಿಗೆ ತಿರುಗಿಸಿ, 48 ವೋಲ್ಟಿನ ಫ್ಯಾಂಟಮ್ ಪವರ್ ಆರಿಸಿ. ಮೈಕ್ ಇನ್‌ಪುಟ್ಟಿಗೆ ಲೈನ್ ಸಿಗ್ನಲ್ ಹೊಕ್ಕರೆ ಗೇನ್ ಎಷ್ಟು ಇಳಿಸಿದರೂ ಧ್ವನಿ ಒಡೆದೇ ಬರಬಹುದು. ಗುಂಯ್ ಎನ್ನುವ ಹಮ್ ಕೇಳಿದರೆ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಜನರೇಟರಿನ ಕರೆಂಟಿನಲ್ಲಿ ನಡೆಯುವ ಆಟಗಳಲ್ಲಿ ಇದು ಅನೇಕ ರಾತ್ರಿ ನನ್ನನ್ನು ಕಾಪಾಡಿದೆ.

ಇಲ್ಲೊಂದು ಲೆಕ್ಕವಿದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಕ್ಯಾಮೆರಾ ರಂಗಸ್ಥಳದಿಂದ 30 ಮೀಟರ್ ಹಿಂದಿದ್ದರೆ ಅದರ ಮೈಕಿಗೆ ಚೆಂಡೆಯ ಪೆಟ್ಟು 90 ಮಿಲಿಸೆಕೆಂಡಿನಷ್ಟು ತಡವಾಗಿ ತಲುಪುತ್ತದೆ. 25 ಫ್ರೇಮಿನ ಲೆಕ್ಕದಲ್ಲಿ ಅದು ಎರಡು ಫ್ರೇಮಿಗೂ ಸ್ವಲ್ಪ ಹೆಚ್ಚು. ಲೈನ್ ಧ್ವನಿಯ ಜೊತೆ ಅದನ್ನು ಹಾಗೆಯೇ ಬೆರೆಸಿದರೆ ಪ್ರತಿ ಪೆಟ್ಟಿಗೂ ಮಾರ್ದನಿ, ವೇಷಧಾರಿಯ ಹೆಜ್ಜೆಗೂ ತಾಳಕ್ಕೂ ಹೊಂದಿಕೆಯಿಲ್ಲ. ಎಡಿಟಿಂಗಿನಲ್ಲಿ ಕ್ಯಾಮೆರಾ ಮೈಕಿನ ಟ್ರ್ಯಾಕನ್ನು ಅಷ್ಟು ಹಿಂದಕ್ಕೆ ಸರಿಸಿದರೆ ಎಲ್ಲವೂ ಕೂಡಿಕೊಳ್ಳುತ್ತದೆ. ಇಷ್ಟು ಸಣ್ಣ ಕೆಲಸ ಮಾಡದೆ ಬಿಟ್ಟ ಯಕ್ಷಗಾನದ ವಿಡಿಯೊಗಳನ್ನು ನೋಡುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಟ್ರೈಪಾಡ್ ಕೊಳ್ಳುವಾಗ ತೂಕ ಹೊರುವ ಸಾಮರ್ಥ್ಯ ಒಂದನ್ನೇ ನೋಡಬೇಡಿ. 75 ಎಂಎಂ ಬೌಲ್ ಇರುವ ಫ್ಲೂಯಿಡ್ ಹೆಡ್ ಆದರೆ ಗದ್ದೆಯ ಏರುತಗ್ಗಿನಲ್ಲೂ ಕಾಲುಗಳನ್ನು ಮುಟ್ಟದೆ ಮಟ್ಟ ಮಾಡಬಹುದು. ಕ್ಯಾಮೆರಾ ಕೂರಿಸಿ, ಮುಂದಕ್ಕೆ ಬಾಗಿಸಿ ಕೈ ಬಿಡಿ. ಅಲ್ಲೇ ನಿಂತರೆ ಕೌಂಟರ್‌ಬ್ಯಾಲೆನ್ಸ್ ಸರಿಯಾಗಿದೆ ಎಂದರ್ಥ. ಚೌಕಟ್ಟಿನ ವಿಷಯದಲ್ಲಿ ಕಲೆಯ ತಿಳಿವಳಿಕೆಯೇ ದೊಡ್ಡ ಉಪಕರಣ. ಬಡಗಿನ ಮಂಡಿ ಕುಣಿತದಲ್ಲಿ ಕಾಲು ಕತ್ತರಿಸಿದ ಶಾಟ್ ಯಾರಿಗೂ ಬೇಡ. ತೆಂಕಿನವರು ಧೀಂಗಿಣ ಹಾರುವ ಮುನ್ನ ಚೆಂಡೆಯ ನಡೆಯೇ ಸೂಚನೆ ಕೊಡುತ್ತದೆ. ಆ ಸೂಚನೆ ಕಿವಿಗೆ ಬಿದ್ದೊಡನೆ ವೈಡ್ ಆಗಬೇಕು. ಗಿಂಬಲ್ ನನ್ನ ಬಳಿಯೂ ಇದೆ. ದಿಬ್ಬಣ ಬರುವಾಗ ಚಂದ. ದಿನವಿಡೀ ಅದನ್ನೇ ಹಿಡಿದು ಓಡಾಡುವವರ ಬೆನ್ನು, ಮಣಿಕಟ್ಟು ಬೇಗ ಸೋಲುತ್ತವೆ. ಆರತಕ್ಷತೆಯ ಸಾಲಿಗೆ ಮೊನೊಪಾಡ್ ಸಾಕು.

ಬೆಳಕಿನ ವಿಷಯದಲ್ಲಿ ಮೊದಲು ನೆನಪಿಡಬೇಕಾದದ್ದು ನಮ್ಮ ದೇಶದ ಕರೆಂಟು 50 ಹರ್ಟ್ಸ್ ಎಂಬುದು. ಹೊಸ ಕ್ಯಾಮೆರಾ ಎನ್‌ಟಿಎಸ್‌ಸಿಯಲ್ಲಿ, 30 ಫ್ರೇಮಿನಲ್ಲಿ ಇದ್ದರೆ ಮೊದಲು ಪ್ಯಾಲ್‌ಗೆ ಬದಲಿಸಿ. 25 ಫ್ರೇಮಿಗೆ ಶಟರ್ 1/50, ಸ್ಲೋಮೋಷನ್ನಿಗೆ 50 ಫ್ರೇಮ್ ತೆಗೆದರೆ 1/100. ಟ್ಯೂಬ್‌ಲೈಟಿನ ಮಿಣುಕು ಇದರಿಂದಲೇ ಹೋಗುತ್ತದೆ. ಅಗ್ಗದ ಎಲ್‌ಇಡಿ ಅಲಂಕಾರ ದೀಪಗಳಿಗೆ ಮಾತ್ರ ಶಟರನ್ನು ಸೂಕ್ಷ್ಮವಾಗಿ ಹೊಂದಿಸಬೇಕಾಗುತ್ತದೆ. ಅವನ್ನು ಕಟ್ಟಿದ ದಿನವೇ ಹೋಗಿ ಪರೀಕ್ಷಿಸುವುದು ಲೇಸು. ಮಂಟಪದೊಳಗೆ ಹಳದಿ ದೀಪ, ಬಿಳಿ ಎಲ್‌ಇಡಿ, ಕಿಟಕಿಯ ಹಗಲು ಮೂರೂ ಸೇರಿರುತ್ತವೆ. ವೈಟ್ ಬ್ಯಾಲೆನ್ಸನ್ನು ಆಟೋಗೆ ಬಿಡದೆ 4300 ಕೆಲ್ವಿನ್ನಿನ ಸುತ್ತ ಒಂದು ಅಂಕಿ ಹಿಡಿದು ಎಲ್ಲ ಕ್ಯಾಮೆರಾಗಳಿಗೂ ಅದನ್ನೇ ಕೊಟ್ಟರೆ ಎಡಿಟಿಂಗಿನಲ್ಲಿ ಅರ್ಧ ಹೊರೆ ಇಳಿಯುತ್ತದೆ.

ಮುಖಕ್ಕೆ ನೇರ ಲೈಟ್ ಹೊಡೆಯುವುದು ನಮ್ಮ ಮದುವೆಗಳ ಹಳೆಯ ಕಾಯಿಲೆ. ಹಾಲೋಜನ್ ಕಾಲದಲ್ಲಿ ಹೋಮದ ಹೊಗೆಯ ಜೊತೆ ಲೈಟಿನ ಶಾಖವನ್ನೂ ಮದುಮಕ್ಕಳು ಸಹಿಸಬೇಕಿತ್ತು. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರಕ್ಕೆ ಕಾಶಿಯ ಮನೆಯಂಗಳದ ಸೆಟ್ ಹಾಕಿದಾಗ ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಕಟ್ಟಿ, ಕೆಳಗಿನಿಂದ ಅದಕ್ಕೆ ಬೆಳಕು ಹಾಯಿಸಿ, ಚದುರಿ ಬಂದ ಬೆಳಕಿನಲ್ಲಿ ಚಿತ್ರೀಕರಿಸಿದರು. ನಮ್ಮ ಮಂಟಪಗಳಲ್ಲಿ ಬಿಳಿ ಛಾವಣಿ, ಬಿಳಿ ಗೋಡೆ ತಯಾರಾಗಿಯೇ ಇರುತ್ತದೆ. ಎರಡು ಎಲ್‌ಇಡಿ ಲೈಟುಗಳನ್ನು ಮೇಲಕ್ಕೆ ತಿರುಗಿಸಿದರೆ ಸಾಕು, ಮುಖಗಳು ಮೃದುವಾಗುತ್ತವೆ, ಮುದುಕರು ಕಣ್ಣು ಕಿರಿದು ಮಾಡಿಕೊಂಡು ಕೂರುವುದು ತಪ್ಪುತ್ತದೆ.

ಲಾಗ್ ಪ್ರೊಫೈಲಿನ ಮೋಹ ಈಗ ಎಲ್ಲ ಕಡೆ. 8 ಬಿಟ್ಟಿನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್ಟಿನಲ್ಲಿ 1024. 8 ಬಿಟ್ ಕ್ಯಾಮೆರಾದಲ್ಲಿ ಲಾಗ್ ತೆಗೆದು ಎಳೆದಾಡಿದರೆ ಆಕಾಶದಲ್ಲಿ, ಗೋಡೆಯಲ್ಲಿ ಪಟ್ಟೆ ಏಳುತ್ತವೆ. ಅಂಥ ಕ್ಯಾಮೆರಾ ಇದ್ದವರು ಸ್ಟ್ಯಾಂಡರ್ಡ್ ಪ್ರೊಫೈಲಿನಲ್ಲೇ ಎಚ್ಚರದಿಂದ ಎಕ್ಸ್‌ಪೋಸ್ ಮಾಡಲಿ.

ಕಾರ್ಡಿನ ಮೇಲಿನ ವಿ30 ಗುರುತಿನ ಅರ್ಥ, ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಎಡೆಬಿಡದೆ ಬರೆಯುತ್ತದೆ ಎಂದು. 100 ಎಂಬಿಪಿಎಸ್ 4ಕೆ ವಿಡಿಯೊಗೆ ಬೇಕಾದದ್ದು 12.5 ಮೆಗಾಬೈಟ್. ಹಾಗಾಗಿ ದುಬಾರಿ ವಿ90ಗೆ ಸುಮ್ಮನೆ ದುಡ್ಡು ಸುರಿಯಬೇಕಿಲ್ಲ, ಅದೇ ದುಡ್ಡಿಗೆ ಹೆಚ್ಚು ಕಾರ್ಡು ಕೊಳ್ಳಿ. ಈ ವೇಗದಲ್ಲಿ ಗಂಟೆಗೆ 45 ಜಿಬಿ ತುಂಬುತ್ತದೆ; ಇಡೀ ರಾತ್ರಿಯ ಆಟಕ್ಕೆ ಎಷ್ಟು ಬೇಕೆಂದು ನೀವೇ ಲೆಕ್ಕ ಹಾಕಬಹುದು. ಹಳೆಯ ಡಿಎಸ್‌ಎಲ್‌ಆರ್‌ಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತವೆ, ಅವುಗಳ ಭರವಸೆಯಲ್ಲಿ ಆಟ ಹಿಡಿಯಬಾರದು. ಎರಡು ಸ್ಲಾಟ್ ಇದ್ದರೆ ಎರಡಕ್ಕೂ ಏಕಕಾಲಕ್ಕೆ ಬರೆಸಿ. ನಮ್ಮವರ ಮದುವೆಗಳು ಮುಂಬೈಯಲ್ಲೂ ಆಗುತ್ತವಲ್ಲ, ವಿಮಾನದಲ್ಲಿ ಹೋಗುವಾಗ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, 100 ವ್ಯಾಟ್ ಅವರ್ ದಾಟಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 98 ವ್ಯಾಟ್ ಅವರಿನ ವಿ-ಮೌಂಟ್ ಬ್ಯಾಟರಿಗಳು ಸಿಗುವುದು ಈ ಕಾರಣಕ್ಕೇ.

ಮಳೆಗಾಲದಲ್ಲಿ ಕೆಲಸ ಕಡಿಮೆ, ಫಂಗಸ್ ಜಾಸ್ತಿ. ತೇವಾಂಶ ಶೇ 40ರಿಂದ 50ರ ನಡುವೆ ಹಿಡಿದಿಡುವ ಡ್ರೈ ಕ್ಯಾಬಿನೆಟ್ ಕೊಳ್ಳಿ. ಆಗದಿದ್ದರೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್. ಚರ್ಮದ ಚೀಲದಲ್ಲಿ ಲೆನ್ಸ್ ಇಟ್ಟು ಜುಲೈ ಕಳೆಯಬೇಡಿ.

ಇನ್ನು ಮಿಕ್ಸಿಂಗ್, ಅಂದರೆ ಎಡಿಟಿಂಗ್. ಎಚ್.265 ಫೈಲುಗಳನ್ನು ನೇರವಾಗಿ ಟೈಮ್‌ಲೈನಿಗೆ ಹಾಕಿ ಕಂಪ್ಯೂಟರನ್ನು ಬೈಯುವ ಬದಲು ಪ್ರಾಕ್ಸಿ ಮಾಡಿಕೊಂಡರೆ ಹಳೆಯ ಯಂತ್ರವೂ ಓಡುತ್ತದೆ. ನೆಂಟರು ಕಳಿಸುವ ಮೊಬೈಲ್ ವಿಡಿಯೊಗಳ ಫ್ರೇಮ್ ರೇಟ್ ಏರಿಳಿಯುತ್ತಿರುತ್ತದೆ. ಮೊದಲು ಸ್ಥಿರ 25ಕ್ಕೆ ಪರಿವರ್ತಿಸದಿದ್ದರೆ ತುಟಿಗೂ ಮಾತಿಗೂ ಅಂತರ ಬೀಳುತ್ತದೆ. ಯಾರೂ ಮಾತಾಡದ ಹೊತ್ತಿನ ಮಂಟಪದ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಟ್ಟುಕೊಂಡರೆ ಕಟ್‌ಗಳ ನಡುವಿನ ಬಿರುಕಿಗೆ ಅದೇ ಬೆಸುಗೆ. ಅಜ್ಜಿಯ ಆಶೀರ್ವಾದದ ದನಿ ಮೊದಲು ಕೇಳಿಸಿ, ಅರೆಗಳಿಗೆ ಬಿಟ್ಟು ಮುಖ ತೋರಿಸಿ. ನೋಡುವವರು ತಾವಾಗಿ ಆ ಕಡೆ ವಾಲುತ್ತಾರೆ.

ಮದುವೆಯ ಅಸಲಿ ಧ್ವನಿಯನ್ನು ಪೂರ್ತಿ ತೆಗೆದು ಸಿನಿಮಾ ಹಾಡು ಹಾಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಯೂಟ್ಯೂಬಿನಲ್ಲಿ ಕಾಪಿರೈಟ್ ತಕರಾರು ಬರುತ್ತದೆ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ, ಕೆಲವು ವರ್ಷಗಳ ನಂತರ ಆ ಮನೆಯವರು ಹುಡುಕಿಕೊಂಡು ಬರುವುದು ಹಾಡಿಗಾಗಿ ಅಲ್ಲ. ಅಪ್ಪನ ದನಿ ಇದೆಯಾ ಎಂದು ಕೇಳಿಕೊಂಡು ಬರುತ್ತಾರೆ. ಹಾಗೆಯೇ, ಮದುಮಗಳನ್ನು ಬೆಳ್ಳಗೆ ಮಾಡಿಕೊಡಿ ಎಂಬ ಬೇಡಿಕೆಗೆ ಮಣಿಯಬೇಡಿ. ವೆಕ್ಟರ್‌ಸ್ಕೋಪ್ ತೆರೆದು ನೋಡಿ, ಕಪ್ಪಗಿದ್ದವರ ಚರ್ಮವೂ ಬೆಳ್ಳಗಿದ್ದವರ ಚರ್ಮವೂ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲೆ ಬೀಳುತ್ತದೆ. ಆ ಗೆರೆಗೆ ತಂದು, ಅರಿಶಿನದ ಬಣ್ಣವನ್ನು ಹಾಗೇ ಉಳಿಸಿ ನಿಲ್ಲಿಸಿಬಿಡಿ. ಹುಡುಗಿ ಇರುವಂತೆ ಕಂಡರೆ ಅದೇ ಚಂದ.

ಕೆಲಸ ಮುಗಿಸಿ ಕೊಟ್ಟ ಮೇಲೂ ಮೂಲ ಫೈಲುಗಳ ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಮನೆಯಲ್ಲಿ. ಈ ಮಾತು ಹೊಸ ಫೈಲುಗಳಿಗೆ ಮಾತ್ರ ಅಲ್ಲ. ನಮ್ಮ ಎಷ್ಟೋ ಸ್ಟುಡಿಯೊಗಳ ಅಟ್ಟದಲ್ಲಿ ವಿಎಚ್‌ಎಸ್, ಮಿನಿಡಿವಿ ಟೇಪುಗಳು ರಾಶಿ ಬಿದ್ದಿವೆ. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡರು. ಅಂಥ ಕಲಾವಿದರು ಹಳ್ಳಿಹಳ್ಳಿಗಳಲ್ಲಿ ಕುಣಿದ ಎಷ್ಟು ರಾತ್ರಿಗಳು ಆ ರಾಶಿಯಲ್ಲಿರಬಹುದು! ಮಿನಿಡಿವಿಯನ್ನು ಫೈರ್‌ವೈರ್ ಕೇಬಲಿನಲ್ಲಿ ಇಳಿಸಿಕೊಂಡರೆ ಟೇಪಿನಲ್ಲಿರುವುದು ಒಂದಿಷ್ಟೂ ಕೆಡದೆ ಬರುತ್ತದೆ. ಗಂಟೆಗೆ 13 ಜಿಬಿ ಅಷ್ಟೇ. ಟೇಪಿಗೆ ಫಂಗಸ್ ಹಿಡಿದಿದೆಯೇ ನೋಡಿ, ಹಿಡಿದಿದ್ದರೆ ಶುಚಿ ಮಾಡದೆ ಪ್ಲೇ ಮಾಡಬೇಡಿ. ಹೆಡ್ಡೂ ಹಾಳು, ಟೇಪೂ ಹಾಳು. ಒಮ್ಮೆ ಕೊನೆಯವರೆಗೆ ಮುಂದೋಡಿಸಿ, ಹಿಂದೋಡಿಸಿ, ಆಮೇಲೆ ಕ್ಯಾಪ್ಚರ್ ಮಾಡಿ. 720×576ರ ಆ ಚಿತ್ರವನ್ನು ಇಂದಿನ ಟಿವಿಗೆ ತುಂಬಿಸಲು ಅಡ್ಡಕ್ಕೆ ಎಳೆಯಬೇಡಿ, 4:3ರಲ್ಲೇ ಬಿಡಿ. ಟೇಪ್ ಓಡಿಸುವ ಕ್ಯಾಮೆರಾ, ಡೆಕ್ಕುಗಳು ಈಗ ತಯಾರಾಗುವುದಿಲ್ಲ, ಹೊಸ ಕಂಪ್ಯೂಟರುಗಳಲ್ಲಿ ಫೈರ್‌ವೈರ್ ಕಿಂಡಿಯೇ ಇಲ್ಲ. ನಿಮ್ಮಲ್ಲಿ ಇನ್ನೂ ಓಡುವ ಒಂದು ಪಿಡಿ170, ಒಂದು ಹಳೆಯ ಕಂಪ್ಯೂಟರ್ ಇದ್ದರೆ ಗುಜರಿಗೆ ಹಾಕಬೇಡಿ. ಈ ಮಳೆಗಾಲದ ಬಿಡುವಿನಲ್ಲೇ ಅಟ್ಟದಿಂದ ಟೇಪುಗಳನ್ನು ಇಳಿಸಿ ಕೆಲಸ ಶುರು ಮಾಡಿ.