ಹೆಸರುಕಾಳಿಗೆ ಬಿಸಿಲು ಎಲ್ಲಿತ್ತು?

ಪ್ರಶ್ನೆ: ನಾವು ಉಡುಪಿ ಕಡೆಯವರು. ಮನೆಯವರ ಕೆಲಸದಿಂದಾಗಿ ಒಮಾನಿನ ರುಸ್ತಾಕ್‌ನಲ್ಲಿದ್ದೇವೆ. ಮಗಳು ಮೂರನೇ ತರಗತಿ. ಶಾಲೆಯಲ್ಲಿ ಗಿಡಮರಗಳ ಪಾಠ ಮುಗಿದ ಮೇಲೆ ‘ರಿಫ್ಲೆಕ್ಷನ್’ ಎಂದು ಇಂಗ್ಲಿಷಿನಲ್ಲಿ ಐದು ಸಾಲು ಬರೆದುಕೊಂಡು ಹೋಗಬೇಕು. ಅವಳು ಪ್ರತಿಸಲವೂ ಬರೆಯುವುದು ಒಂದೇ: ‘ಐ ಲರ್ನ್ಡ್ ಅಬೌಟ್ ಪ್ಲಾಂಟ್ಸ್. ಇಟ್ ವಾಸ್ ಫನ್.’ ಕನ್ನಡದಲ್ಲಿ ಕೇಳಿದರೆ ಅರ್ಧ ಗಂಟೆ ಮಾತಾಡುತ್ತಾಳೆ, ಪೆನ್ಸಿಲ್ ಹಿಡಿದರೆ ಸುಮ್ಮನಾಗುತ್ತಾಳೆ. ಪಕ್ಕದ ಮನೆಯ ಒಮಾನಿ ಹುಡುಗಿ ಸಂಜೆ ಜೊತೆಗೆ ಬಂದು ಕೂರುತ್ತಾಳೆ, ಅವಳ ಪಾಡೂ ಇದೇ. ಇವರಿಗೆ ಹೇಗೆ ನೆರವಾಗಲಿ? ಮನೆಯಲ್ಲಿ ಕನ್ನಡದಲ್ಲೇ ಚರ್ಚೆ ಮಾಡಿದರೆ ಇಂಗ್ಲಿಷ್ ಹಿಂದೆ ಬೀಳುವುದಿಲ್ಲವೇ? ಅಲ್ಲದೆ ಪುಸ್ತಕದಲ್ಲಿರುವ ಹಲಸು, ಆಲ ಇಲ್ಲಿ ಕಣ್ಣಿಗೆ ಬೀಳುವುದೇ ಅಪರೂಪ.
— ಓದುಗರು, ರುಸ್ತಾಕ್, ಒಮಾನ್

ಉತ್ತರ: ನಿಮ್ಮ ಮಗಳಿಗೆ ಯೋಚನೆಯ ಕೊರತೆಯಿಲ್ಲ. ಕನ್ನಡದಲ್ಲಿ ಅರ್ಧ ಗಂಟೆ ಮಾತಾಡುವ ಮಗು ಪಾಠವನ್ನು ಮನಸ್ಸಿನಲ್ಲಿ ತಿರುವಿಹಾಕುತ್ತಲೇ ಇದೆ. ಪೆನ್ಸಿಲ್ ಹಿಡಿದ ಕ್ಷಣ ಅವಳ ಮೇಲೆ ಎರಡು ಕೆಲಸ ಒಟ್ಟಿಗೆ ಬೀಳುತ್ತವೆ. ಕಲಿತದ್ದನ್ನು ಹಿಂದಿರುಗಿ ನೋಡುವುದು ಒಂದು, ಅದನ್ನು ಇನ್ನೂ ಕೈಗೆ ಹತ್ತದ ಭಾಷೆಯಲ್ಲಿ ಬರೆಯುವುದು ಇನ್ನೊಂದು. ಎಂಟು ವರ್ಷದ ಮಗು ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಲಾರದೆ, ತಪ್ಪಾಗದ ಎರಡು ವಾಕ್ಯ ಬರೆದು ಕೈತೊಳೆದುಕೊಳ್ಳುತ್ತದೆ. ಆದ್ದರಿಂದ ಈ ಎರಡು ಕೆಲಸಗಳನ್ನು ಬೇರ್ಪಡಿಸಿ. ಯೋಚನೆ ಮೊದಲು, ಅದು ಕನ್ನಡದಲ್ಲೇ ಆಗಲಿ. ಇಂಗ್ಲಿಷ್ ಆಮೇಲೆ ಬರಲಿ.

ಆದರೆ ಯೋಚಿಸುವುದಕ್ಕೂ ಒಂದು ವಿಷಯ ಬೇಕಲ್ಲ? ‘ಇವತ್ತು ಏನು ಕಲಿತೆ?’ ಎಂಬ ಪ್ರಶ್ನೆಗೆ ಪಾಠದ ಸಾರಾಂಶ ಬರುತ್ತದೆ, ಅಷ್ಟೆ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1910ರಲ್ಲಿ ಪ್ರಕಟಿಸಿದ ‘ಹೌ ವಿ ಥಿಂಕ್’ ಪುಸ್ತಕದಲ್ಲಿ, ಆಲೋಚನೆ ಹುಟ್ಟುವುದು ಗೊಂದಲದಿಂದ, ಸಂದೇಹದಿಂದ ಎಂದು ವಾದಿಸಿದ. ‘ಸಸ್ಯಗಳಿಗೆ ಬಿಸಿಲು, ನೀರು, ಮಣ್ಣು ಬೇಕು’ ಎಂಬ ಪಾಠದ ವಾಕ್ಯದಲ್ಲಿ ಸಂದೇಹಕ್ಕೆ ಜಾಗವೇ ಇಲ್ಲ. ಅದನ್ನು ಬಾಯಿಪಾಠ ಮಾಡಬಹುದು, ಅದರ ಬಗ್ಗೆ ಚಿಂತಿಸಲು ಏನೂ ಉಳಿದಿರುವುದಿಲ್ಲ.

ಆ ವಾಕ್ಯವನ್ನು ಸ್ವಲ್ಪ ಅಲುಗಾಡಿಸಲು ನಿಮ್ಮ ಅಡುಗೆಮನೆಯೇ ಸಾಕು. ರಾತ್ರಿ ಹೆಸರುಕಾಳು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮುಚ್ಚಿಡಿ. ಮೊಳಕೆ ಬಂದ ಮೇಲೆ ಗಂಟು ಬಿಚ್ಚಿ ಮಗಳ ಮುಂದಿಟ್ಟು ಕೇಳಿ: ‘ಬಿಸಿಲು ಬೇಕು ಅಂದಿದ್ದೆಯಲ್ಲ, ಇದಕ್ಕೆ ಬಿಸಿಲು ಎಲ್ಲಿತ್ತು? ಮಣ್ಣು ಎಲ್ಲಿತ್ತು?’ ಅವಳು ಹುಟ್ಟಿದಾಗಿನಿಂದ ಕೋಸಂಬರಿಯಲ್ಲಿ ತಿಂದ ಕಾಳು ಈಗ ಪುಸ್ತಕದ ವಾಕ್ಯಕ್ಕೆ ಎದುರು ನಿಲ್ಲುತ್ತದೆ. ಉತ್ತರವನ್ನು ತಕ್ಷಣ ಹೇಳಬೇಡಿ. ಒಂದಿಷ್ಟು ಮೊಳಕೆಯನ್ನು ಒದ್ದೆ ಹತ್ತಿಯ ಮೇಲೆ ಹಾಕಿ ಕಿಟಕಿಯ ಬಳಿ ಇಡಿ, ಇನ್ನೊಂದಿಷ್ಟನ್ನು ಕಪಾಟಿನ ಕತ್ತಲಲ್ಲಿಡಿ. ಕೆಲವು ದಿನಗಳಲ್ಲಿ ಕತ್ತಲಿನ ಸಸಿಗಳು ಹೆಚ್ಚು ಉದ್ದ ಬೆಳೆದಿರುತ್ತವೆ, ಆದರೆ ಬಿಳಿಚಿಕೊಂಡು ವಾಲಿರುತ್ತವೆ. ಬೆಳಕಿನವು ಗಿಡ್ಡಗೆ, ಹಸಿರಾಗಿ, ಗಟ್ಟಿಯಾಗಿರುತ್ತವೆ. ಮೊಳೆಯುವಷ್ಟು ಆಹಾರವನ್ನು ಬೀಜ ತನ್ನ ದಳಗಳಲ್ಲೇ ಕಟ್ಟಿಕೊಂಡು ಬಂದಿರುತ್ತದೆ, ಆ ಬುತ್ತಿ ಮುಗಿದ ಮೇಲೆ ಬೆಳಕಿಲ್ಲದೆ ನಡೆಯುವುದಿಲ್ಲ ಎನ್ನುವುದನ್ನು ಅವಳೇ ಕಂಡುಕೊಳ್ಳಲಿ. ಪುಸ್ತಕ ಸುಳ್ಳು ಹೇಳಿರಲಿಲ್ಲ, ‘ಯಾವಾಗ’ ಎನ್ನುವುದನ್ನು ಬಿಟ್ಟಿತ್ತು. ಇಂಥ ತಿದ್ದುಪಡಿಯೇ ಶಾಲೆ ಕೇಳುತ್ತಿರುವ ‘ರಿಫ್ಲೆಕ್ಷನ್’.

ಗಿಡದ ಆಹಾರದ ವಿಷಯದಲ್ಲಿ ತಡವರಿಸಿದವರು ಮಕ್ಕಳಷ್ಟೇ ಅಲ್ಲ. ಯಾನ್ ವ್ಯಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ 200 ಪೌಂಡ್ ಒಣಮಣ್ಣಿನಲ್ಲಿ ಐದು ಪೌಂಡಿನ ವಿಲೋ ಸಸಿ ನೆಟ್ಟು, ಐದು ವರ್ಷ ನೀರೆರೆದ. ಮರ ಸುಮಾರು 169 ಪೌಂಡ್ ತೂಗಿತು. ಮಣ್ಣು ಕಳೆದುಕೊಂಡದ್ದು ಎರಡು ಔನ್ಸಿನಷ್ಟು ಮಾತ್ರ. ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಅವನು ತೀರ್ಮಾನಿಸಿದ. ಅವನು ತೀರಿಹೋದ ಮೇಲೆ, 1648ರಲ್ಲಿ, ಈ ಪ್ರಯೋಗದ ಬರಹ ಅಚ್ಚಾಯಿತು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನ ಪಾಲು ತಿಳಿಯಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಮಗಳಿಗೆ ಈ ಕಥೆ ಹೇಳಿ. ದೊಡ್ಡವರೂ ಅಳತೆ ಸರಿಯಾಗಿ ಮಾಡಿ ತೀರ್ಮಾನದಲ್ಲಿ ಎಡವಿದ್ದಾರೆ ಎಂದು ಗೊತ್ತಾದರೆ, ತನ್ನ ಊಹೆ ತಪ್ಪಿತು ಎಂದು ಬರೆಯಲು ಅವಳಿಗೆ ಸಂಕೋಚವಾಗದು.

ಇನ್ನೊಂದು ವಿಷಯ. ಮಗು ತಪ್ಪು ಬರೆದಾಗ ಅದು ಇಂಗ್ಲಿಷಿನ ತಪ್ಪೋ ತಿಳಿವಳಿಕೆಯ ತಪ್ಪೋ ಎಂದು ನೋಡಿ. ‘ಖರ್ಜೂರದ ಮರ ಪ್ಲಾಂಟ್ ಅಲ್ಲ’ ಎಂದು ಅವಳು ಬರೆದರೆ ಪದದ ಅರ್ಥ ಗೊತ್ತಿಲ್ಲ ಎಂದುಕೊಳ್ಳುತ್ತೇವೆ. ಆದರೆ ನ್ಯೂಜಿಲೆಂಡಿನ ಬೆವರ್ಲಿ ಬೆಲ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಲ್ಲಿನ ಶಾಲಾ ಮಕ್ಕಳೇ ಮರವನ್ನು, ಕ್ಯಾರೆಟ್ಟನ್ನು ಸಸ್ಯಗಳ ಸಾಲಿಗೆ ಸೇರಿಸಲು ಒಪ್ಪಿರಲಿಲ್ಲ. ಇಂಗ್ಲಿಷ್ ಆಡುತ್ತ ಬೆಳೆದವರಿಗೂ ಇದೇ ಗೊಂದಲ. ಇದನ್ನು ಕೆಂಪು ಶಾಯಿಯಿಂದ ತಿದ್ದಿದರೆ ಹೋಗುವುದಿಲ್ಲ. ‘ಯಾಕೆ ಅಲ್ಲ?’ ಎಂದು ಕೇಳಿದರೆ ಹೋದೀತು.

ಊಹೆ ಬದಲಾಯಿತು ಎಂದು ಗೊತ್ತಾಗಬೇಕಾದರೆ ಮೊದಲಿನ ಊಹೆ ಎಲ್ಲಾದರೂ ದಾಖಲಾಗಿರಬೇಕು. ಇಲ್ಲದಿದ್ದರೆ ಮಕ್ಕಳು, ನಾವೂ ಕೂಡ, ‘ನನಗೆ ಮೊದಲೇ ಗೊತ್ತಿತ್ತು’ ಎನ್ನುತ್ತೇವೆ. 1986ರಲ್ಲಿ ಡೋನಾ ಓಗಲ್ ಎಂಬ ಶಿಕ್ಷಣತಜ್ಞೆ ಪರಿಚಯಿಸಿದ ಮೂರು ಕಾಲಮ್‌ಗಳ ಪಟ್ಟಿ ಇದಕ್ಕೆ ಸುಲಭದ ದಾರಿ: ನನಗೆ ಗೊತ್ತಿರುವುದು, ತಿಳಿಯಬೇಕಾದದ್ದು, ಕಲಿತದ್ದು. ಪಾಠ ಶುರುವಾಗುವ ಹಿಂದಿನ ಸಂಜೆ ಮೊದಲ ಎರಡು ಕಾಲಮ್ ತುಂಬಿಸಿ. ಅವಳು ಕನ್ನಡದಲ್ಲಿ ಹೇಳಲಿ, ನೀವು ಬರೆದುಕೊಳ್ಳಿ. ಮೂರನೆಯದು ಪಾಠದ ನಂತರ.

ಈಗ ರುಸ್ತಾಕ್‌ಗೆ ಬರೋಣ. ಹಲಸು, ಆಲ ಇಲ್ಲವೆಂದು ಬೇಸರಪಡಬೇಡಿ, ಗಿಡಮರಗಳ ಪಾಠಕ್ಕೆ ನಿಮ್ಮ ಊರು ಬಹಳ ಒಳ್ಳೆಯ ಜಾಗ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಾಳಿಯನ್ನೇ ನಂಬಿ ಕೂತರೆ ಫಸಲು ಸಾಲದೆಂದು, ಚಳಿಗಾಲ ಮುಗಿಯುವ ಹೊತ್ತಿಗೆ ರೈತರು ಮರ ಹತ್ತಿ ಗಂಡು ಹೂವಿನ ಎಳೆಗಳನ್ನು ಹೆಣ್ಣು ಹೂಗೊಂಚಲಿನಲ್ಲಿ ಸಿಕ್ಕಿಸುತ್ತಾರೆ. ಹತ್ತಾರು ಹೆಣ್ಣು ಮರಗಳಿಗೆ ಒಂದು ಗಂಡು ಮರ ಸಾಕು. ತೋಟದಲ್ಲಿ ಹಣ್ಣೇ ಬಿಡದ ಆ ಒಂದು ಮರವನ್ನು ತೋರಿಸಿ ‘ಇದನ್ನು ಯಾಕೆ ಕಡಿದಿಲ್ಲ?’ ಎಂದು ಕೇಳಿದರೆ ಪರಾಗಸ್ಪರ್ಶದ ಪಾಠ ಕಣ್ಣೆದುರು ನಿಲ್ಲುತ್ತದೆ. ಊರಿನಲ್ಲಿ ಪಪ್ಪಾಯಿಯ ಗಂಡು ಗಿಡ ನೋಡಿದ್ದರೆ ಅದನ್ನೂ ಜ್ಞಾಪಿಸಿ.

ನೀರಿನ ಪಾಠಕ್ಕೆ ಫಲಜ್ ಇದೆ. ನೆಲದಡಿಯ ನೀರನ್ನೋ ಒರತೆಯನ್ನೋ ಇಳಿಜಾರಿನ ಕಾಲುವೆಯಲ್ಲಿ ಪಂಪಿಲ್ಲದೆ ತೋಟಕ್ಕೆ ತರುವ ವ್ಯವಸ್ಥೆ ಅದು. 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಒಮಾನಿನ ಐದು ಫಲಜ್‌ಗಳಲ್ಲಿ ಒಂದು, ಅಲ್ ಮುಯಸ್ಸರ್, ರುಸ್ತಾಕ್‌ನಲ್ಲೇ ಇದೆ. ತೋಟಗಳಿಗೆ ನೀರು ಹಂಚುವುದು ಸಮಯದ ಪಾಳಿಯ ಲೆಕ್ಕದಲ್ಲಿ. ಗಡಿಯಾರ ಬರುವ ಮುನ್ನ ಒಮಾನಿಗರು ಹಗಲು ನೆರಳನ್ನೂ ರಾತ್ರಿ ನಕ್ಷತ್ರಗಳನ್ನೂ ನೋಡಿ ಪಾಳಿ ನಿರ್ಧರಿಸುತ್ತಿದ್ದರು. ‘ಗಿಡಕ್ಕೆ ನೀರು ಬೇಕು’ ಎಂದು ಬರೆದ ಮಗುವನ್ನು ‘ಯಾರು ತರುತ್ತಾರೆ? ಎಷ್ಟು ಹೊತ್ತು? ಯಾರ ಸರದಿ ಮೊದಲು?’ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಸ್ಥಳ ಬೇಕೇ? ಇನ್ನು ರುಸ್ತಾಕ್ ಹೆಸರಾಗಿರುವುದು ಜೇನಿಗೆ. ಅದರಲ್ಲಿ ಹೆಚ್ಚು ಬೆಲೆಯ ಸಿದ್ರ್ ಜೇನು ಕೊಡುವ ಮರ ನಮ್ಮ ಎಲಚಿಯ ಹತ್ತಿರದ ಬಂಧು. ಒಮಾನಿನ ಬಯಲಿನಲ್ಲಿ ಬೆಳೆಯುವ ಘಾಫ್ ಅಂತೂ ದಸರೆಗೆ ನಾವು ಪೂಜಿಸುವ ಬನ್ನಿಯೇ. ಮಗಳು ಪರದೇಶದ ಮರಗಳ ನಡುವೆ ಇದ್ದೇನೆ ಎಂದುಕೊಂಡಿದ್ದರೆ, ಅದೂ ಒಂದು ಬದಲಾಗಬೇಕಾದ ಊಹೆ.

ಮಾತಿಗಿಂತ ಮುಂಚೆ ಚಿತ್ರ ಬರೆಸಿ. ಕನ್ನಡದಲ್ಲಿ ಗಿಡಮರಗಳ ಬಗ್ಗೆ ಬಿ.ಜಿ.ಎಲ್. ಸ್ವಾಮಿಯವರಷ್ಟು ಸೊಗಸಾಗಿ ಬರೆದವರು ವಿರಳ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅವರು, ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದರು, ಚಿತ್ರಗಳನ್ನೂ ತಾವೇ ಬಿಡಿಸಿದರು. ಅದಕ್ಕೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಿಡಿಸಲು ಹೊರಟಾಗಲೇ ಕಣ್ಣು ಗಮನಿಸಲು ಕಲಿಯುವುದು. ಮಗಳಿಗೆ ಖರ್ಜೂರದ ಗರಿ ಬಿಡಿಸಲು ಹೇಳಿ, ಉಡುಪಿಯ ತೆಂಗಿನ ಗರಿಯನ್ನು ನೆನಪಿನಿಂದ ಪಕ್ಕದಲ್ಲಿ ಬಿಡಿಸಲಿ. ಖರ್ಜೂರದ ಎಲೆ ದೋಣಿಯಂತೆ ಮೇಲ್ಮುಖವಾಗಿ ಮಡಿಚಿರುತ್ತದೆ, ತೆಂಗಿನದು ಕೆಳಮುಖವಾಗಿ. ಖರ್ಜೂರದ ಗರಿಯ ಬುಡದಲ್ಲಿ ಎಲೆಗಳೇ ಮುಳ್ಳಾಗಿರುತ್ತವೆ, ತೆಂಗಿಗೆ ಮುಳ್ಳಿಲ್ಲ. ನೆನಪಿನಲ್ಲಿ ಬಿಡಿಸಿದ್ದು ಸರಿಯೇ ಎಂದು ಮುಂದಿನ ರಜೆಗೆ ಊರಿಗೆ ಹೋದಾಗ ಪರೀಕ್ಷಿಸಲಿ.

ಕನ್ನಡದಿಂದ ಇಂಗ್ಲಿಷ್ ಹಿಂದೆ ಬೀಳುವುದೇ ಎಂಬ ನಿಮ್ಮ ಭಯ ಬಹಳ ಪಾಲಕರದ್ದು. ಕೆನಡಾದ ಜಿಮ್ ಕಮಿನ್ಸ್ 1970ರ ದಶಕದ ಕೊನೆಯಿಂದ ಹೇಳುತ್ತ ಬಂದಿರುವುದು ಇದಕ್ಕೆ ನೇರ ಉತ್ತರ: ಒಂದು ಭಾಷೆಯಲ್ಲಿ ದಕ್ಕಿದ ಪರಿಕಲ್ಪನೆ ಇನ್ನೊಂದಕ್ಕೆ ದಾಟುತ್ತದೆ. ಮೊಳಕೆಗೆ ಬೆಳಕು ಯಾಕೆ ಬೇಡ ಎಂದು ಕನ್ನಡದಲ್ಲಿ ಅರಿತ ಮಗುವಿಗೆ ಇಂಗ್ಲಿಷಿನಲ್ಲಿ ಬೇಕಾದದ್ದು ಕೆಲವು ಪದ ಮಾತ್ರ. ಅರಿಯದ ಮಗುವಿಗೆ ಪದ ಕೊಟ್ಟರೆ ಅದು ಪದವನ್ನಷ್ಟೇ ಒಪ್ಪಿಸುತ್ತದೆ.

ಹಾಗೆಂದು ಇಂಗ್ಲಿಷ್ ತಾನಾಗಿ ಬರಲಿ ಎಂದು ಬಿಡುವುದೂ ಸರಿಯಲ್ಲ. ಇಲ್ಲಿ ಪಕ್ಕದ ಮನೆಯ ಹುಡುಗಿ ನಿಮಗೆ ದೊಡ್ಡ ಆಸರೆ. ಇಬ್ಬರಿಗೂ ಸಮಾನವಾಗಿ ಬರುವ ಶಾಲೆಯ ಭಾಷೆ ಇಂಗ್ಲಿಷ್. ನಿಮ್ಮ ಮಗಳಿಗೆ ಹೆಸರುಕಾಳಿನ ಗುಟ್ಟು ಗೊತ್ತು. ಆ ಹುಡುಗಿಗೆ ಖರ್ಜೂರ ಬುಸ್ರ್, ರುತಬ್, ತಮ್ರ್ ಎಂದು ಹಂತ ಹಂತವಾಗಿ ಹಣ್ಣಾಗುವುದು ಗೊತ್ತು, ತಾತನ ತೋಟವಿದ್ದರೆ ಇನ್ನೂ ಹೆಚ್ಚು ಗೊತ್ತಿರುತ್ತದೆ. ಒಬ್ಬಳಿಗೆ ತಿಳಿದದ್ದು ಇನ್ನೊಬ್ಬಳಿಗೆ ತಿಳಿಯದು. ಹೇಳಲು ನಿಜವಾದ ಕಾರಣವಿರುವಾಗ ನಾಲಗೆ ಹೊರಳತೊಡಗುತ್ತದೆ. ಮೊದಲು ತಮ್ಮ ತಮ್ಮ ಭಾಷೆಯಲ್ಲಿ ಯೋಚಿಸಲಿ, ಆಮೇಲೆ ಪರಸ್ಪರ ಇಂಗ್ಲಿಷಿನಲ್ಲಿ ಹೇಳಿಕೊಳ್ಳಲಿ, ಕೊನೆಗೆ ಬರೆಯಲಿ. ಬರೆಯುವ ಹೊತ್ತಿಗೆ ವಾಕ್ಯ ಒಮ್ಮೆ ಬಾಯಿಗೆ ಬಂದಿರುತ್ತದೆ.

ಬರವಣಿಗೆಗೆ ಆಧಾರವಾಗಿ ವಾಕ್ಯದ ಆರಂಭಗಳನ್ನು ಕೊಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಜೆಕ್ಟ್ ಝೀರೊ ತಂಡ ಪ್ರಚಾರಕ್ಕೆ ತಂದ ಜೋಡಿ ಚೆನ್ನಾಗಿದೆ: ‘ಐ ಯೂಸ್ಡ್ ಟು ಥಿಂಕ್…’, ‘ನೌ ಐ ಥಿಂಕ್…’. ಅದಕ್ಕೆ ‘ಬಿಕಾಸ್ ಐ ಸಾ…’ ಎಂದು ಸೇರಿಸಿದರೆ ಕಂಡ ಸಾಕ್ಷಿಯೂ ಬರುತ್ತದೆ. ಒಂದನೇ ತರಗತಿಯ ಮಗುವಾದರೆ ಚಿತ್ರದ ಕೆಳಗೆ ಎರಡು ಪದ ಸಾಕು. ಮೂರನೇ ತರಗತಿಯವಳಿಗೆ ಈ ಮೂರು ತುಂಡು ಹಿಡಿತಕ್ಕೆ ಸಿಗುತ್ತವೆ.

ನಿಮ್ಮ ಕಡೆಯಿಂದ ಎರಡು ಸಂಯಮ ಬೇಕು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣ ಕೇಳಿದಾಗ, ಶಿಕ್ಷಕರು ಉತ್ತರಕ್ಕಾಗಿ ಕಾಯುತ್ತಿದ್ದುದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದ ಕಡೆ ಮಕ್ಕಳ ಉತ್ತರಗಳು ಉದ್ದವಾದವು, ಅವರೇ ಪ್ರಶ್ನೆ ಕೇಳುವುದೂ ಹೆಚ್ಚಿತು. ಎರಡನೆಯದು, ತಿದ್ದುವ ಚಪಲಕ್ಕೆ ಕಡಿವಾಣ. ‘ಐ ಸೀ ಸೀಡ್ ಗ್ರೋ ಇನ್ ಕ್ಲಾತ್’ ಎಂದು ಹೇಳಿದರೆ ತಡೆಯಬೇಡಿ. ‘ಓ, ಯು ಸಾ ದ ಸೀಡ್ಸ್ ಗ್ರೋ ಇನ್ ಅ ಕ್ಲಾತ್!’ ಎಂದು ಸರಿಯಾದ ರೂಪವನ್ನು ಮಾತಿನಲ್ಲೇ ಹಿಂದಿರುಗಿಸಿ. ಬರೆದದ್ದರಲ್ಲಿ ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ತಿದ್ದಿ, ಕಾಗುಣಿತವಾದರೆ ಕಾಗುಣಿತ ಮಾತ್ರ. ಇದನ್ನು ದಿನವೂ ಮಾಡಿಸಬೇಡಿ, ಒಂದು ಅಧ್ಯಾಯಕ್ಕೆ ಒಮ್ಮೆ ಸಾಕು.

ಶಾಲೆ ಕೇಳುವ ಐದು ಸಾಲನ್ನು ಹೀಗೆ ಹಂಚಿ: ಮೊದಲು ಏನು ಅಂದುಕೊಂಡಿದ್ದೆ, ಏನು ಮಾಡಿದೆ, ಏನು ನೋಡಿದೆ, ಈಗ ಏನು ಅನ್ನಿಸುತ್ತದೆ ಎಂದು ನಾಲ್ಕು. ಐದನೆಯದು ಅವಳಿಗೆ ಇನ್ನೂ ಉತ್ತರ ಸಿಗದ ಒಂದು ಪ್ರಶ್ನೆ, ‘ಐ ಸ್ಟಿಲ್ ವಂಡರ್…’ ಎಂದು. ಉದಾಹರಣೆಗೆ, ಖರ್ಜೂರ ತಿಂದು ಬೀಜ ನೆಟ್ಟರೆ ಹಣ್ಣು ಬಿಡುವ ಮರ ಬರುವುದೇ ಎಂದು ಕೇಳಬಹುದು. ಬೀಜದಿಂದ ಬಂದ ಮರಗಳಲ್ಲಿ ಅರ್ಧದಷ್ಟು ಗಂಡಾಗುತ್ತವೆ, ಉಳಿದವೂ ತಾಯಿಮರದ ರುಚಿಯನ್ನೇ ಕೊಡುವುದಿಲ್ಲ. ಅದಕ್ಕೇ ರೈತರು ನಮ್ಮ ಬಾಳೆಯ ಹಾಗೆ ಬುಡದ ಕಂದನ್ನು ಬಿಡಿಸಿ ನೆಡುತ್ತಾರೆ. ಆದರೆ ಇದನ್ನು ನೀವು ಹೇಳಿಬಿಡಬೇಡಿ. ಆ ಐದನೇ ಸಾಲನ್ನು ಹಾಗೆಯೇ ಟೀಚರಿಗೆ ಕಳಿಸಿ, ಪಕ್ಕದ ಮನೆಯವರ ತೋಟದಲ್ಲಿ ಯಾರನ್ನಾದರೂ ಅವಳೇ ಕೇಳಿಕೊಂಡು ಬರಲಿ. ಮುಂದಿನ ಅಧ್ಯಾಯದ ಮೊದಲ ಸಾಲು ಅಲ್ಲಿಂದಲೇ ಸಿಗುತ್ತದೆ.